ಹುಳಿಹಿಟ್ಟಿನ ಸಂಶೋಧನೆಗೆ ಸ್ವಯಂಸೇವಕರು

ಹೂಡೆಯ ಕಡಲತಡಿಯಿಂದ ಕಾರ್ಕಳದ ಘಟ್ಟದಡಿಯವರೆಗೆ, ಇರುಳಿಡೀ ಹುಳಿಬಂದ ಹಿಟ್ಟಿನಿಂದ ಪ್ರಾತಃಕಾಲದ ಉಪಾಹಾರವನ್ನು ಸಿದ್ಧಪಡಿಸುವ ನಮ್ಮ ಮನೆಗಳಿಗೆ, ನೈಸರ್ಗಿಕ ಯೀಸ್ಟ್ ಹಾಗೂ ಲ್ಯಾಕ್ಟಿಕ್ ಬ್ಯಾಕ್ಟೀರಿಯಗಳಿಂದ ಉಬ್ಬುವ ಪಾಶ್ಚಾತ್ಯರ ಸವರ್‌ಡೋ ಬ್ರೆಡ್ಡು ತೀರ ಅಪರಿಚಿತವೆನಿಸಲಾರದು. ಹುದುಗುವಿಕೆಯು ಧಾನ್ಯದ ಫೈಟಿಕ್ ಆಮ್ಲವನ್ನು ತಗ್ಗಿಸಿ ಕಬ್ಬಿಣ, ಸತು ಮೊದಲಾದ ಖನಿಜಗಳನ್ನು ಸುಲಭಗ್ರಾಹ್ಯವಾಗಿಸುವುದೆಂಬುದು ಪ್ರಯೋಗಶಾಲೆಯಲ್ಲಿ ಸಿದ್ಧವಾದ ಸಂಗತಿಯಾದರೂ, ಅದರಿಂದ ಮನುಷ್ಯನ ಆರೋಗ್ಯಕ್ಕೆ ಒದಗುವ ಪ್ರಯೋಜನವೆಷ್ಟೆಂಬುದನ್ನು, ನಿಯಮದಂತೆ ಉಂಡು ರಕ್ತಪರೀಕ್ಷೆಗೆ ಒಪ್ಪುವ ಸ್ವಯಂಸೇವಕರಿಲ್ಲದೆ ನಿರ್ಣಯಿಸಲಾಗದು. 1953ರಿಂದಲೂ ವೈದ್ಯಕೀಯ ವಿದ್ಯಾಲಯವುಳ್ಳ ಮಣಿಪಾಲದ ನೆರೆಹೊರೆಯ ಜನರು, ಬ್ರೆಡ್ಡಿನ ಕುರಿತಾಗಲಿ ಇಡ್ಲಿ-ದೋಸೆಗಳ ಕುರಿತಾಗಲಿ ಅಂತಹ ಅಧ್ಯಯನಕ್ಕೆ ಕರೆ ಬಂದಲ್ಲಿ ಹಿಂಜರಿಯಬೇಕಾಗಿಲ್ಲ. ಆದರೆ ನೀತಿಸಮಿತಿಯ ಅನುಮೋದನೆ ದೊರೆತಿದೆಯೇ, ಯಾವಾಗ ಬೇಕಾದರೂ ಹಿಂದೆಗೆಯುವ ಸ್ವಾತಂತ್ರ್ಯವಿದೆಯೇ ಎಂಬುದನ್ನು ವಿಚಾರಿಸಿಕೊಂಡ ಬಳಿಕವೇ ಸಮ್ಮತಿಪತ್ರಕ್ಕೆ ಸಹಿ ಮಾಡುವುದು ವಿವೇಕ.