ಕೂಡಲೊಲ್ಲದ ಮೂಳೆಗೆ ಉಂಗುರದ ಆಸರೆ

ಮಾವಿನ ಮರದಿಂದ ಬಿದ್ದ ಹುಡುಗ ಕೈ ಮುರಿದುಕೊಂಡರೆ ಹಿರಿಯರು ಅಷ್ಟೇನೂ ಗಾಬರಿಯಾಗುವುದಿಲ್ಲ. ‘ಎಳೆ ಮೂಳೆ, ಆರು ವಾರದಲ್ಲಿ ಕೂಡಿಕೊಳ್ಳುತ್ತೆ ಬಿಡಿ’ ಎಂದು ಅಕ್ಕಪಕ್ಕದವರು ಸಮಾಧಾನ ಹೇಳುತ್ತಾರೆ. ಆ ಮಾತು ಬಹುಪಾಲು ನಿಜ. ಮಕ್ಕಳ ಮೂಳೆಯ ಹೊರಪೊರೆ ದಪ್ಪ, ಅದರಲ್ಲಿ ರಕ್ತ ಸಂಚಾರ ಹೆಚ್ಚು, ಹೊಸ ಮೂಳೆ ಹುಟ್ಟಿಸುವ ಕೋಶಗಳೂ ಹೇರಳ.

ಆದರೆ ಹದಿಮೂರು ಹದಿನಾಲ್ಕು ದಾಟಿದ ಮೇಲೆ ಕತೆ ಸ್ವಲ್ಪ ಬದಲಾಗುತ್ತದೆ. ಮೂಳೆ ದೊಡ್ಡವರದನ್ನು ಹೋಲತೊಡಗುತ್ತದೆ, ಪೆಟ್ಟುಗಳೂ ದೊಡ್ಡವರ ಪೆಟ್ಟುಗಳೇ ಆಗುತ್ತವೆ. ಪರವಾನಗಿ ಸಿಗುವ ಮುನ್ನವೇ ಬೈಕ್ ಏರುವ ವಯಸ್ಸು ಅದು. ಅಪಘಾತದಲ್ಲಿ ಮೂಳೆ ಚರ್ಮ ಸೀಳಿ ಹೊರಬಂದು, ಮಣ್ಣು ಮೆತ್ತಿಕೊಂಡು, ತುಣುಕುಗಳೇ ಕಳೆದುಹೋದಾಗ ಆರು ವಾರವಲ್ಲ, ಆರು ತಿಂಗಳಾದರೂ ಕಾಲು ಕೂಡಿಕೊಳ್ಳದಿರಬಹುದು. ಇದು ಅಪರೂಪ. ಆದರೆ ಅದಕ್ಕೆ ಗುರಿಯಾದ ಹುಡುಗನ ಪಾಲಿಗೆ ಶಾಲೆ, ಆಟ, ಪರೀಕ್ಷೆ ಎಲ್ಲವೂ ನಿಂತುಹೋಗುತ್ತವೆ.

ಹೀಗೆ ಹಟ ಹಿಡಿಯುವುದರಲ್ಲಿ ಮುಂದಿರುವುದು ಮೊಣಕಾಲಿನ ಕೆಳಗಿನ ಮುಖ್ಯ ಮೂಳೆ, ಟಿಬಿಯಾ. ಮೊಣಕಾಲಿನಿಂದ ಕೆಳಕ್ಕೆ ಕಾಲಿನ ಮುಂಭಾಗವನ್ನು ಬೆರಳಿನಿಂದ ಸವರಿ ನೋಡಿ. ಚರ್ಮದ ಅಡಿಯಲ್ಲೇ ಮೂಳೆ ಸಿಗುತ್ತದೆ. ತೊಡೆಯ ಮೂಳೆಗಿರುವಂತೆ ಸುತ್ತಲೂ ಸ್ನಾಯುವಿನ ಹೊದಿಕೆ ಇಲ್ಲ. ಸ್ನಾಯು ಕಡಿಮೆಯಾದಲ್ಲಿ ರಕ್ತದ ಪೂರೈಕೆಯೂ ಕಡಿಮೆ. ಪಾದದ ಕೀಲಿನ ಕಡೆಗೆ ಹೋದಂತೆ ಈ ಕೊರತೆ ಇನ್ನೂ ಹೆಚ್ಚು.

ಮುರಿದ ಮೂಳೆ ಕೂಡುವುದಾದರೂ ಹೇಗೆ? ಮೊದಲು ಮುರಿತದ ಸುತ್ತ ರಕ್ತ ಹೆಪ್ಪುಗಟ್ಟುತ್ತದೆ. ಅದರೊಳಗೆ ಸಣ್ಣ ರಕ್ತನಾಳಗಳೂ ಕೋಶಗಳೂ ನುಗ್ಗಿ ಮೆತ್ತಗಿನ ಬೆಸುಗೆ ಹಾಕುತ್ತವೆ. ಅದರಲ್ಲಿ ಕ್ಯಾಲ್ಸಿಯಂ ಸೇರಿ ಗಟ್ಟಿಯಾಗುತ್ತದೆ. ಕೊನೆಗೆ ಹೆಚ್ಚಿನ ಭಾಗ ಸವೆದು ಮೂಳೆ ಹಳೆಯ ಆಕಾರಕ್ಕೆ ಬರುತ್ತದೆ. ಈ ಕೆಲಸಕ್ಕೆ ಬೇಕಾದ್ದು ಮುಖ್ಯವಾಗಿ ಎರಡು: ರಕ್ತ ಮತ್ತು ಅಲುಗದ ಆಸರೆ. ಎರಡರಲ್ಲಿ ಯಾವುದು ತಪ್ಪಿದೆ ಎಂದು ತಿಳಿಯುವುದೇ ಚಿಕಿತ್ಸೆಯ ಅರ್ಧ ಭಾಗ.

ಎಕ್ಸ್-ರೇ ಚಿತ್ರ ಇದನ್ನು ಬಹುಮಟ್ಟಿಗೆ ಹೇಳಿಬಿಡುತ್ತದೆ. ಮುರಿದ ತುದಿಗಳು ಆನೆಯ ಪಾದದಂತೆ ಅಗಲವಾಗಿ ಊದಿದ್ದರೆ ಅಲ್ಲಿ ರಕ್ತಕ್ಕೆ ಕೊರತೆಯಿಲ್ಲ. ಮೂಳೆ ಬೆಳೆಯಲು ಹೆಣಗಿದೆ, ಆದರೆ ತುದಿಗಳು ಅಲುಗಾಡುತ್ತಿದ್ದುದರಿಂದ ಬೆಸುಗೆ ನಿಂತಿಲ್ಲ. ಇಂಥ ಕಡೆ ಗಟ್ಟಿಯಾಗಿ ಹಿಡಿದು ನಿಲ್ಲಿಸಿದರೆ ಸಾಮಾನ್ಯವಾಗಿ ಮೂಳೆ ತಾನೇ ಕೂಡುತ್ತದೆ. ತುದಿಗಳು ಕೆತ್ತಿದ ಪೆನ್ಸಿಲ್ಲಿನಂತೆ ಸಣಕಲಾಗಿದ್ದರೆ ಬರಿಯ ಆಸರೆ ಸಾಲದು. ಅಲ್ಲಿ ಸತ್ತ ತುದಿಯನ್ನು ರಕ್ತ ಜಿನುಗುವವರೆಗೆ ಕೆರೆದು, ಸೊಂಟದ ಮೂಳೆಯ ಅಂಚಿನಿಂದ ತೆಗೆದ ಮೃದು ಮೂಳೆಯ ಚೂರುಗಳನ್ನು ತುಂಬಬೇಕಾಗುತ್ತದೆ. ಒಂದು ರೀತಿಯಲ್ಲಿ ಇದು ಬರಡು ನೆಲಕ್ಕೆ ಬಿತ್ತನೆ ಮಾಡಿದಂತೆ. ಕೀವು ಸೇರಿದ್ದರೆ ಇನ್ನೂ ಕಷ್ಟ. ಸೋಂಕು ತಗುಲಿ ಸತ್ತ ಮೂಳೆಯನ್ನೆಲ್ಲ ಮೊದಲು ಕತ್ತರಿಸಿ ತೆಗೆಯಬೇಕು. ಆಗ ನಡುವೆ ನಾಲ್ಕೈದು ಸೆಂಟಿಮೀಟರ್ ಖಾಲಿ ಉಳಿದರೂ ಆಶ್ಚರ್ಯವಿಲ್ಲ.

ಹಿಡಿದು ನಿಲ್ಲಿಸಲು ದೊಡ್ಡವರಿಗಾದರೆ ಮೂಳೆಯ ಪೊಳ್ಳಿನೊಳಗೆ ಉಕ್ಕಿನ ಅಥವಾ ಟೈಟೇನಿಯಂನ ದಪ್ಪ ಸರಳು ತೂರಿಸುತ್ತಾರೆ. ಹದಿಹರೆಯದವರಲ್ಲಿ ಇದಕ್ಕೊಂದು ಅಡ್ಡಿಯಿದೆ. ಮೂಳೆ ಉದ್ದವಾಗುವುದು ಅದರ ತುದಿಗಳ ಬಳಿಯಿರುವ ಮೃದ್ವಸ್ಥಿಯ ತಟ್ಟೆಗಳಿಂದ. ಟಿಬಿಯಾದಲ್ಲಿ ಇವು ಹುಡುಗಿಯರಿಗೆ ಸುಮಾರು 14-15, ಹುಡುಗರಿಗೆ 16-17 ವರ್ಷದವರೆಗೆ ತೆರೆದಿರುತ್ತವೆ. ಸರಳು ಮೇಲಿನ ತಟ್ಟೆಯನ್ನು ಸೀಳಿಕೊಂಡು ಹೋದರೆ ಬೆಳವಣಿಗೆ ಕುಂಠಿತವಾಗಿ ಕಾಲು ಗಿಡ್ಡವಾಗಬಹುದು, ಸೊಟ್ಟಗಾಗಬಹುದು. ಆದ್ದರಿಂದ ಬೆಳೆಯುತ್ತಿರುವವರಿಗೆ ತಟ್ಟೆಯನ್ನು ಮುಟ್ಟದೆ ಪಕ್ಕದಿಂದ ತೂರಿಸುವ ಬಳುಕುವ ಸರಳು, ಲೋಹದ ಪಟ್ಟಿ ಇಲ್ಲವೇ ಹೊರಗಿನಿಂದ ಹಿಡಿಯುವ ಚೌಕಟ್ಟು ಬೇಕಾಗುತ್ತದೆ.

ಈ ಹೊರ ಚೌಕಟ್ಟುಗಳಲ್ಲಿ ಹೆಸರಾದದ್ದು ಹುಟ್ಟಿದ್ದು ಸೈಬೀರಿಯದ ಕುರ್ಗಾನ್ ಪ್ರಾಂತದಲ್ಲಿ. ಗವ್ರೀಲ್ ಇಲಿಜರೋವ್ (1921-1992) ವೈದ್ಯ ಪದವಿ ಪಡೆದು 1944ರಲ್ಲಿ ಅಲ್ಲಿನ ಹಳ್ಳಿಯೊಂದಕ್ಕೆ ಹೋದರು. ಎರಡನೆಯ ಮಹಾಯುದ್ಧದಿಂದ ಮರಳಿದ ಸೈನಿಕರಲ್ಲಿ ಮೂಳೆ ಕೂಡದ ಕಾಲುಗಳು ಎಷ್ಟೋ. 1950ರ ದಶಕದ ಆರಂಭದಲ್ಲಿ ಇಲಿಜರೋವ್ ತಮ್ಮ ಸಾಧನವನ್ನು ರೂಪಿಸಿದರು. ಸುಮಾರು ಒಂದೂವರೆ ಮಿಲಿಮೀಟರ್ ದಪ್ಪದ ತಂತಿಗಳನ್ನು ಮೂಳೆಯ ಮೂಲಕ ಅಡ್ಡಡ್ಡ ಹಾಯಿಸಿ, ಸೈಕಲ್ ಚಕ್ರದ ಕಡ್ಡಿಗಳಂತೆ ಬಿಗಿಯಾಗಿ ಎಳೆದು ಉಕ್ಕಿನ ಉಂಗುರಗಳಿಗೆ ಕಟ್ಟುವುದು, ಉಂಗುರಗಳನ್ನು ತಿರುಪಿನ ಸರಳುಗಳಿಂದ ಜೋಡಿಸುವುದು ಇದರ ಕ್ರಮ. ತುದಿಗಳು ಆಚೀಚೆ ಸರಿಯುವುದಿಲ್ಲ. ಆದರೆ ನಡೆಯುವಾಗ ಮೂಳೆಯ ಮೇಲೆ ತುಸು ಭಾರ ಬೀಳುತ್ತದೆ, ಆ ಭಾರವೇ ಬೆಸುಗೆಗೆ ಪ್ರಚೋದನೆ.

ಮೊದಲು ಅವರ ಉದ್ದೇಶ ತುದಿಗಳನ್ನು ಒತ್ತಿ ಹಿಡಿಯುವುದಷ್ಟೇ ಆಗಿತ್ತು. ರೋಗಿಯೊಬ್ಬ ತಿರುಪನ್ನು ಉಲ್ಟಾ ತಿರುಗಿಸಿದ್ದರಿಂದ ತೆರೆದುಕೊಂಡ ಸಂದಿಯಲ್ಲಿ ಹೊಸ ಮೂಳೆ ಕಂಡಿತೆಂಬ ಕತೆ ಪ್ರಚಲಿತದಲ್ಲಿದೆ. ಕತೆ ಹೇಗೇ ಇರಲಿ, ತತ್ವ ಸಾಬೀತಾಗಿದೆ. ಮೂಳೆಯ ಆರೋಗ್ಯವಂತ ಭಾಗವನ್ನು ನಾಜೂಕಾಗಿ ಕತ್ತರಿಸಿ, ಐದಾರು ದಿನ ಬಿಟ್ಟು, ದಿನಕ್ಕೆ ಒಂದು ಮಿಲಿಮೀಟರಿನಂತೆ ಎಳೆದರೆ ಹಿಂದೆ ಹೊಸ ಮೂಳೆ ತುಂಬುತ್ತ ಬರುತ್ತದೆ. ಆ ಒಂದು ಮಿಲಿಮೀಟರನ್ನೂ ಕಾಲು ಕಾಲಾಗಿ ನಾಲ್ಕು ಸಲ ತಿರುಗಿಸಬೇಕು. ಬೇಗ ಎಳೆದರೆ ಮೂಳೆ ಹುಟ್ಟದು, ನಿಧಾನಿಸಿದರೆ ಮೊದಲೇ ಗಟ್ಟಿಯಾಗಿ ನಿಂತುಬಿಡುತ್ತದೆ. ಸೋಂಕಿನಿಂದ ಖಾಲಿಯಾದ ಜಾಗಕ್ಕೆ ಮೂಳೆಯ ತುಂಡನ್ನು ಹೀಗೆ ಮೆಲ್ಲಗೆ ಸಾಗಿಸಿ ತುಂಬಬಹುದು.

ಹೊರ ಜಗತ್ತಿಗೆ ಇದು ತಿಳಿಯಲು ಕಾಲ ಹಿಡಿಯಿತು. 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದ ಚಿನ್ನ ಗೆದ್ದ ವಲೇರಿ ಬ್ರುಮೆಲ್ 1965ರಲ್ಲಿ ಮೋಟಾರ್‌ಸೈಕಲ್ ಅಪಘಾತದಲ್ಲಿ ಬಲಗಾಲು ಜಜ್ಜಿಸಿಕೊಂಡರು. ಅನೇಕ ಶಸ್ತ್ರಚಿಕಿತ್ಸೆಗಳ ನಂತರವೂ ಕೂಡದ ಕಾಲು 1968ರಲ್ಲಿ ಕುರ್ಗಾನಿನಲ್ಲಿ ಕೂಡಿತು. ಅವರು ಮತ್ತೆ ಎರಡು ಮೀಟರಿಗೂ ಎತ್ತರಕ್ಕೆ ಜಿಗಿದರು. 1980ರಲ್ಲಿ ಇಟಲಿಯ ಪರ್ವತಾರೋಹಿ ಕಾರ್ಲೊ ಮೌರಿ ಅಲ್ಲಿಗೆ ಹೋಗಿ ಗುಣವಾಗಿ ಬಂದರು. ಮರುವರ್ಷ ಇಟಲಿಯ ವೈದ್ಯರು ಇಲಿಜರೋವ್ ಅವರನ್ನು ಉಪನ್ಯಾಸಕ್ಕೆ ಕರೆಸಿದರು. ಅಲ್ಲಿಂದ ವಿಧಾನ ಪಶ್ಚಿಮಕ್ಕೆ ಹರಡಿತು. ಭಾರತದ ದೊಡ್ಡ ಆಸ್ಪತ್ರೆಗಳಲ್ಲೂ ಇಂದು ಇದು ಲಭ್ಯ.

ಆದರೆ ಉಂಗುರವನ್ನು ಹೊತ್ತು ಬಾಳುವುದು ಸುಲಭವಲ್ಲ. ಐದು ಸೆಂಟಿಮೀಟರ್ ತುಂಬಲು ಎಳೆತಕ್ಕೇ 50 ದಿನ ಬೇಕು, ಹೊಸ ಮೂಳೆ ಗಟ್ಟಿಯಾಗಲು ಅದಕ್ಕಿಂತ ಹೆಚ್ಚು ಕಾಲ. ಒಟ್ಟು ಆರು ತಿಂಗಳೋ ಮೇಲೋ ಆದೀತು. ತಂತಿಗಳು ಚರ್ಮ ದಾಟುವ ಕಡೆ ಕೀವಾಗದಂತೆ ದಿನವೂ ಶುಚಿ ಮಾಡಬೇಕು. ಕೀಲುಗಳು ಬಿಗಿದುಕೊಳ್ಳದಂತೆ ನೋವಾದರೂ ವ್ಯಾಯಾಮ ಮಾಡಿಸಬೇಕು. ಪ್ಯಾಂಟು ತೊಡಲಾಗದ ಹುಡುಗ ಗೆಳೆಯರೆದುರು ಬರಲು ನಾಚುತ್ತಾನೆ. ಅವನಿಗೆ ಅಗಲ ಕಾಲಿನ ಬಟ್ಟೆ ಹೊಲಿಸಿ ಊರುಗೋಲಿನೊಡನೆ ಶಾಲೆಗೆ ಕಳಿಸುವುದೂ ಚಿಕಿತ್ಸೆಯ ಭಾಗವೇ.

ಹೆತ್ತವರು ನೆನಪಿಡಬೇಕಾದ್ದು ಕೆಲವಿದೆ. ಚರ್ಮ ಸೀಳಿದ ಮುರಿತವನ್ನು ತಡಮಾಡದೆ ಆಸ್ಪತ್ರೆಯಲ್ಲಿ ತೊಳೆಸಬೇಕು. ಮೊದಲ ಗಂಟೆಗಳ ಈ ಆರೈಕೆ ಮುಂದಿನ ತಿಂಗಳುಗಳನ್ನು ಉಳಿಸಬಲ್ಲದು. ಬಿದಿರ ದಬ್ಬೆ ಕಟ್ಟಿ ಬಿಗಿದು ರಕ್ತ ನಿಲ್ಲಿಸಿದರೆ ಕಾಲೇ ಹೋದೀತು. ಪ್ಲಾಸ್ಟರ್ ಹಾಕಿದ ಮೇಲೆ ಬೆರಳು ತಣ್ಣಗಾದರೆ, ನೀಲಿಗಟ್ಟಿದರೆ, ನೋವು ಏರುತ್ತಲೇ ಹೋದರೆ ಬೆಳಗಿನವರೆಗೆ ಕಾಯಬಾರದು. ರಾಗಿ, ಹಾಲು ಒಳ್ಳೆಯದೇ, ಆದರೆ ರಕ್ತವೂ ಆಸರೆಯೂ ಇಲ್ಲದ ಕಡೆ ಅವು ಮಾತ್ರ ಮೂಳೆ ಕೂಡಿಸಲಾರವು. ಬೀಡಿ, ಗುಟ್ಕಾ ದೂರವಿರಲಿ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸಿ ಬೆಸುಗೆಯನ್ನು ಹಿಂದಕ್ಕೆಳೆಯುತ್ತದೆ. ಮತ್ತೊಂದು ಮಾತು: ನಾಲ್ಕು ತಿಂಗಳಾದರೂ ಮುರಿದ ಜಾಗ ನೋಯುತ್ತಿದ್ದರೆ ‘ಚಿಕ್ಕ ಹುಡುಗ, ಕೂಡುತ್ತೆ’ ಎಂದು ಸುಮ್ಮನಿರದೆ ಮತ್ತೊಮ್ಮೆ ಎಕ್ಸ್-ರೇ ತೆಗೆಸಿ ಮೂಳೆ ತಜ್ಞರಿಗೆ ತೋರಿಸಬೇಕು.