ಊಟಿಯ ಚರ್ಚಿನಲ್ಲಿ ನಮ್ಮ ತೊಲೆ
ಭಾನುವಾರ ಮೈಸೂರಿನ ಕುವೆಂಪುನಗರದಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ಸಂಸಾರಗಳು ದರಿಯಾ ದೌಲತ್ ನೋಡಿ, ಗುಂಬಜ್ ಸುತ್ತಿ, ಸಂಗಮದಲ್ಲಿ ಕಾಲು ನೆನೆಸಿ, ಚುರುಮುರಿ ತಿಂದು ವಾಪಸಾಗುತ್ತವೆ. ಗಂಜಾಂ ಕಡೆ, ಗುಂಬಜ್ ಇರುವ ಆ ಲಾಲ್‌ಬಾಗ್ ತೋಟದಲ್ಲೇ (ಬೆಂಗಳೂರಿನದಲ್ಲ) ಟಿಪ್ಪುವಿನದೊಂದು ಅರಮನೆ ಇತ್ತೆಂಬುದು ಹೆಚ್ಚಿನವರಿಗೆ ಗೊತ್ತೇ ಇಲ್ಲ. ಕೋಟೆಯೊಳಗಿನ ಅರಮನೆ ದರ್ಬಾರಿಗೆ, ಇದು ವಿಶ್ರಾಂತಿಗೆ. 1792ರ ಮುತ್ತಿಗೆಯಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ದಂಡು ಇಲ್ಲಿಯೇ ಬೀಡುಬಿಟ್ಟಿತು. ತೋಟದ ಮರಗಳೆಲ್ಲ ಮುತ್ತಿಗೆಯ ಕೆಲಸಕ್ಕೆ ಕೊಡಲಿಗೆ ಬಿದ್ದವು. 1800ರಲ್ಲಿ ಬಂದ ಬ್ರಿಟಿಷ್ ಪ್ರವಾಸಿ ಬುಕಾನನ್ ಮಣ್ಣಿನ ಗೋಡೆಯ ಈ ಅರಮನೆಯನ್ನು ಕಂಡು ಮೆಚ್ಚಿ ಬರೆದಿದ್ದಾನೆ. ಯುದ್ಧದಲ್ಲಿ ಉಳಿದದ್ದು ಶಾಂತಿಯ ಕಾಲದಲ್ಲಿ ಉಳಿಯಲಿಲ್ಲ ಎಂಬುದೇ ವಿಚಿತ್ರ. ಮದರಾಸಿನ ಗವರ್ನರ್ ಲಷಿಂಗ್ಟನ್‌ಗೆ ಊಟಿಯಲ್ಲೊಂದು ಚರ್ಚು ಬೇಕಾಯಿತು. 1829ರಲ್ಲಿ ಸೇಂಟ್ ಸ್ಟೀಫನ್ಸ್ ಚರ್ಚಿಗೆ ಅಡಿಗಲ್ಲು ಬಿತ್ತು, ಮರುವರ್ಷ ಪ್ರತಿಷ್ಠೆಯೂ ಆಯಿತು. ಅದರ ಮುಖ್ಯ ತೊಲೆ, ಮರಮುಟ್ಟುಗಳು ಹೋದದ್ದು ಈ ಅರಮನೆಯಿಂದ. ಲಾರಿಯಿಲ್ಲದ ಕಾಲದಲ್ಲಿ ಅಷ್ಟು ಭಾರವನ್ನು ಕಾಡು ದಾಟಿಸಿ, ಏಳು ಸಾವಿರ ಅಡಿಗೂ ಎತ್ತರಕ್ಕೆ ಏರಿಸಿದವರ ಬೆನ್ನಿನ ಪಾಡೇನು! ಶ್ರೇಯಸ್ಸು ಮಾತ್ರ ಗವರ್ನರನಿಗೆ. ಚರ್ಚಿನ ಸಂತನ ಹೆಸರೂ ಆತನ ಹೆಸರೂ ಒಂದೇ, ಸ್ಟೀಫನ್. ಗೆದ್ದವರು ಸೋತವನ ಮನೆ ಬಿಚ್ಚಿ ದೇವರ ಮನೆ ಕಟ್ಟುವುದು ಚರಿತ್ರೆಯಲ್ಲಿ ಹೊಸದಲ್ಲ, ಹಾಗೆಂದು ಅದು ನ್ಯಾಯವೂ ಅಲ್ಲ. ಬೇಸಿಗೆ ರಜೆಗೆ ಊಟಿಗೆ ಹೋದಾಗ ಬೊಟಾನಿಕಲ್ ಗಾರ್ಡನ್ನಿನ ಜೊತೆಗೆ ಈ ಚರ್ಚಿಗೂ ಹೋಗಿ, ಮಕ್ಕಳಿಗೆ ಮೇಲಿನ ತೊಲೆ ತೋರಿಸಿ, ಅದು ಎಲ್ಲಿಂದ ಬಂತೆಂದು ಹೇಳಿ.