ಮೌನಂ ಸಮ್ಮತಿ ಲಕ್ಷಣವಂತೆ!

ಕಂಪ್ಯೂಟರಿಗೂ ನಮ್ಮ ಹಿರಿಯರ ಚಾಳಿ ಅಂಟಿದೆ. ಹೆಣ್ಣು ನೋಡಲು ಬಂದಾಗ ಹುಡುಗಿ ತಲೆ ತಗ್ಗಿಸಿ ಸುಮ್ಮನೆ ಕೂತರೆ ಸಾಕು, ಒಪ್ಪಿಗೆ ಎಂದುಬಿಡುತ್ತಿದ್ದರಲ್ಲ, ಹಾಗೆ.

ಗುಂಡಿ, ಚಿತ್ರಗಳಿಲ್ಲದೆ ಬರೀ ಅಕ್ಷರಗಳಲ್ಲಿ ಆಜ್ಞೆ ಕೊಡುವ ಕ್ರಮಕ್ಕೆ ಕಮಾಂಡ್ ಲೈನ್ ಎನ್ನುತ್ತಾರೆ. ಪ್ರೋಗ್ರಾಮಿನ ಹೆಸರು ಟೈಪು ಮಾಡಿ, ಅದರ ಮುಂದೆ ವಿವರಗಳನ್ನು ಸೇರಿಸಬೇಕು: ಯಾವ ತರಗತಿ, ಎಷ್ಟು ಪ್ರತಿ. ಈ ವಿವರಗಳೇ ಆರ್ಗ್ಯುಮೆಂಟು. ನಾವು ಹೇಳದೆ ಬಿಟ್ಟರೆ, ಬರೆದವನು ಮೊದಲೇ ಇಟ್ಟ ಬೆಲೆಯನ್ನು ಪ್ರೋಗ್ರಾಂ ಹಿಡಿಯುತ್ತದೆ. ಅದು ಡಿಫಾಲ್ಟು. ಎಷ್ಟು ಪ್ರತಿ ಎಂದು ಹೇಳದಿದ್ದರೆ ಒಂದು. ಇರಲಿ, ತಪ್ಪಿದರೆ ಒಂದು ಹಾಳೆ ಹೋದೀತು.

ನಮ್ಮ ಕಡೆಯ ಶಾಲೆಯೊಂದಕ್ಕೆ ಮಕ್ಕಳ ಪಟ್ಟಿ ಮಾಡಲು ಬರೆದುಕೊಟ್ಟ ಪ್ರೋಗ್ರಾಮಿನಲ್ಲಿ ಮಾತೃಭಾಷೆಗೂ ಡಿಫಾಲ್ಟು: ಕನ್ನಡ! ಬರೆದವರು ಒಮ್ಮೆ ಇಲ್ಲಿ ತಿರುಗಾಡಬೇಕಿತ್ತು. ಹಳಿಯಾಳದ ಗೌಳಿವಾಡಗಳಲ್ಲಿ ಮರಾಠಿ, ಜೋಯಿಡಾದ ಕುಣಬಿಗಳ ಮನೆಯಲ್ಲಿ ಕೊಂಕಣಿ, ಬಹುಪಾಲು ಸಿದ್ದಿಯರಲ್ಲಿ ಅವರದೇ ಬಗೆಯ ಕೊಂಕಣಿ. ಮುಂಡಗೋಡದ ಕ್ಯಾಂಪುಗಳಲ್ಲಿ 1966ರಿಂದ ಟಿಬೆಟನ್. ಕಾಗದದ ಕಾರ್ಖಾನೆ ಬಂದ ಮೇಲೆ ದಾಂಡೇಲಿಯಲ್ಲಿ ಯಾವ ಭಾಷೆ ಇಲ್ಲ ಹೇಳಿ? ಒಂದನೇ ತರಗತಿಯ ಮಗು ತಡವರಿಸಿದರೆ, ಅದಕ್ಕೆ ಕನ್ನಡ ಹೊಸದು ಎಂಬುದು ಟೀಚರಿಗೆ ಗೊತ್ತಿರಬೇಕು. ಪಟ್ಟಿಯಲ್ಲಿ ಕನ್ನಡ ಎಂದೇ ಅಚ್ಚಾಗಿದ್ದರೆ ಮಗು ದಡ್ಡ ಎನಿಸಿಕೊಳ್ಳುತ್ತದೆ. ಕನ್ನಡದ ಮೇಲಿನ ಪ್ರೀತಿ ಇದಲ್ಲ, ಕೇಳುವ ಸೋಮಾರಿತನ.

ಪೋಷಕರು ಎಂಬಲ್ಲಿ ಡಿಫಾಲ್ಟು ಯಾರು, ನೀವೇ ಊಹಿಸಿ. ತಂದೆ! ಗೀತಾ ಹರಿಹರನ್ ಪ್ರಕರಣದಲ್ಲಿ, ತಂದೆ ಬದುಕಿದ್ದಾಗಲೂ ತಾಯಿ ಸಹಜ ಪೋಷಕಿಯಾಗಬಹುದೆಂದು ಸುಪ್ರೀಂ ಕೋರ್ಟು 1999ರಲ್ಲೇ ಹೇಳಿದೆ. ಪ್ರೋಗ್ರಾಮಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಡಿಫಾಲ್ಟು ಇಲ್ಲದಿದ್ದರೆ ಪ್ರೋಗ್ರಾಂ ಅರ್ಧಕ್ಕೇ ನಿಲ್ಲುತ್ತದೆ, ಬಳಸುವವರು ಬೈಯುತ್ತಾರೆ ಎಂದು ವಾದಿಸುವವರಿದ್ದಾರೆ. ಇದು ನೆಪ. ಪೈಥಾನ್ ಭಾಷೆಯ ಆರ್ಗ್‌ಪಾರ್ಸ್ ಎಂಬ ಸಲಕರಣೆಯನ್ನೇ ನೋಡಿ. ಆಯ್ಕೆಯ ವಿವರವೊಂದಕ್ಕೆ ಡಿಫಾಲ್ಟು ಇಡದೆ, ಬಳಸುವವರೂ ಅದನ್ನು ಕೊಡದಿದ್ದರೆ, ಅದು 'ನನ್' ಎಂದು ಹಿಡಿಯುತ್ತದೆ, ಅಂದರೆ 'ಏನೂ ಇಲ್ಲ'. ಕಡ್ಡಾಯ ಎಂದು ಗುರುತಿಸಿದ ವಿವರ ಬಿಟ್ಟುಹೋದರೆ, ಇಂಥದ್ದು ಬೇಕು ಎಂದು ಹೇಳಿ ನಿಲ್ಲುತ್ತದೆ. ನಿಲ್ಲಲಿ ಬಿಡಿ! ಇಟ್ಟ ಡಿಫಾಲ್ಟುಗಳನ್ನು ಸಹಾಯದ ಪುಟದಲ್ಲಿ ತೋರಿಸುವ ಏರ್ಪಾಡೂ ಅದರಲ್ಲಿದೆ. ಬಳಸುವ ಮನಸ್ಸಿಲ್ಲ, ಅಷ್ಟೇ.

ಪ್ರತಿಯ ಲೆಕ್ಕಕ್ಕೆ, ಹಾಳೆಯ ಅಳತೆಗೆ ಡಿಫಾಲ್ಟು ಇಡಿ, ನಮ್ಮ ತಕರಾರಿಲ್ಲ. ಮಗುವಿನ ಮನೆಮಾತಿನ ಜಾಗ ಮಾತ್ರ ಖಾಲಿ ಬಿಡಿ. ಖಾಲಿ ಕಂಡರೆ ನಾವು ಅದರ ತಾಯಿಯನ್ನು ಕರೆದು ಕೇಳುತ್ತೇವೆ.